ದೊಡ್ಡಮ್ಮನ ಕಾಲಿಗೆ ಯಾವ ಗ್ರೇಡು?

ಸೋಮವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನೆಲಮಂಗಲದ ಒಂದು ಆಸ್ಪತ್ರೆ, ಆಪರೇಷನ್ ಥಿಯೇಟರಿನ ಎದುರಿನ ಬೆಂಚು. ಒಳಗೆ ದೊಡ್ಡಮ್ಮನ ಮುರಿದ ತೊಡೆಮೂಳೆಗೆ ಸ್ಟೀಲ್ ರಾಡು ಹಾಕುತ್ತಿದ್ದಾರೆ. ಹೊರಗೆ ದೊಡ್ಡಪ್ಪ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದಾರೆ. ಅವರು ತಿರುಗಿದಾಗಲೆಲ್ಲ ಡೈರಿಯಲ್ಲಿ ಒಂದೊಂದು ಗೀಟು ಹಾಕುತ್ತಿದ್ದೆ. ಗೀಟುಗಳೇ ಒಂದು ಪುಟ ತುಂಬಿದ್ದರಿಂದ ಅದನ್ನು ಬಿಟ್ಟು ಪತ್ರಿಕೆಗೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪ ಮನುಷ್ಯರಿಗಿಂತ ಸ್ಟೀಲನ್ನೇ ಹೆಚ್ಚು ನಂಬುತ್ತಾರೆ ಎಂದು ನೆಂಟರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಅವರು ಸ್ಟೀಲನ್ನೂ ನಂಬುವುದಿಲ್ಲ!

ಹಾಲಿನ ಡೈರಿಗಳಿಗೆ ಸ್ಟೀಲ್ ಟ್ಯಾಂಕು ಮಾಡಿಕೊಡುವ ಶೆಡ್ಡೊಂದರಲ್ಲಿ ಅವರು ಸೂಪರ್‌ವೈಸರ್ ಆಗಿದ್ದರು. ಕೆಲಸದಿಂದ ನಿವೃತ್ತರಾದರೂ ಅವರ ಜೇಬಿನಲ್ಲಿದ್ದ ಅಯಸ್ಕಾಂತದ ಚೂರು ನಿವೃತ್ತವಾಗಲಿಲ್ಲ. ಯಾರ ಮನೆಗೆ ಹೋದರೂ ಕಾಫಿಗೆ ಮುಂಚೆ ಅದನ್ನು ಲೋಟಕ್ಕೆ ತಾಗಿಸಬೇಕು. ಅಂಟದಿದ್ದರೆ ಒಳ್ಳೆಯ ಸ್ಟೀಲೆಂದು ಮುಖ ಅರಳುತ್ತದೆ. ಅಂಟಿದರೆ ಕಾಫಿ ಎಷ್ಟೇ ಚೆನ್ನಾಗಿರಲಿ, ಅರ್ಧಕ್ಕೇ ನಿಲ್ಲುತ್ತದೆ. ನನ್ನ ಅಣ್ಣನಿಗೆ ದೇವನಹಳ್ಳಿಯಲ್ಲಿ ಹೆಣ್ಣು ನೋಡಲು ಹೋದಾಗ ನಾವೆಲ್ಲ ಹುಡುಗಿಯನ್ನು ನೋಡುತ್ತಿದ್ದರೆ ಇವರು ಲೋಟ ನೋಡುತ್ತಿದ್ದರು.

"ಹುಡುಗಿ ಹೆಂಗವ್ಳೆ ಹೇಳ್ರೀ," ಎಂದು ದೊಡ್ಡಮ್ಮ ಪಿಸುಗುಟ್ಟಿದರು.

"ಇರೇ, ಇನ್ನೂ ತಟ್ಟೆ ನೋಡಿಲ್ಲ."

ಹುಡುಗಿಯ ತಂದೆ ಗಾಬರಿಯಾಗಿ ಒಳಗಿನಿಂದ ಬೆಳ್ಳಿ ಲೋಟ ತಂದುಕೊಟ್ಟರು. ದೊಡ್ಡಪ್ಪ ಅದಕ್ಕೂ ಅಯಸ್ಕಾಂತ ತಾಗಿಸಿದರು. ಅಷ್ಟಾದರೂ ಮದುವೆ ನಡೆಯಿತಲ್ಲ, ಅದು ಅತ್ತಿಗೆಯ ದೊಡ್ಡ ಮನಸ್ಸು.

ಮದುವೆಗೆ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಕೊರೆಸುವುದು ನಮ್ಮಲ್ಲಿ ವಾಡಿಕೆ. ದೊಡ್ಡಪ್ಪ ಕೊರೆಸುವುದು ಸ್ಟೀಲಿನ ಗ್ರೇಡು, ಅಂದರೆ ಅದರ ಗುಣಮಟ್ಟದ ನಂಬರು. ಅಣ್ಣನಿಗೆ ಕೊಟ್ಟ ಡಬರಿಯ ಮೇಲೆ ದಪ್ಪಕ್ಷರದಲ್ಲಿ 304 ಎಂದಿತ್ತು. ಅಣ್ಣ ಅಪಾರ್ಟ್‌ಮೆಂಟಿಗೆ ಹೋದ ಮೇಲೆ ಒಂದು ದಿನ ಪೂಜೆಯ ಪ್ರಸಾದ ಹಂಚಿ ಕೆಳಗೇ ಮರೆತು ಬಂದ ಆ ಡಬರಿಯನ್ನು ವಾಚ್‌ಮನ್ ನೇರವಾಗಿ ಮುನ್ನೂರ ನಾಲ್ಕನೇ ನಂಬರಿನ ಮನೆಗೆ ಕೊಟ್ಟುಬಂದ. ಆ ಮನೆಯವರು ಇವತ್ತಿಗೂ ವಾಪಸ್ ಕೊಟ್ಟಿಲ್ಲ. ದೊಡ್ಡಪ್ಪನಿಗೆ ಸಿಟ್ಟು ಬಂದಿರಬೇಕಲ್ಲವೇ? ಇಲ್ಲ, ಹೆಮ್ಮೆ. "ಅಂಥಾ ಸ್ಟೀಲು ಯಾರು ವಾಪಸ್ ಕೊಡ್ತಾರಪ್ಪಾ?"

ಇಂಥವರ ಹೆಂಡತಿ ಶುಕ್ರವಾರ ಸಂಜೆ ಬಚ್ಚಲಲ್ಲಿ ಜಾರಿ ಬಿದ್ದರು. ರಾಡು ಹಾಕಲೇಬೇಕು, ತಡವಾದಷ್ಟೂ ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರಮ್ಮ ಅಂದೇ ಹೇಳಿದರು. ದೊಡ್ಡಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಶನಿವಾರ ಹೋಯಿತು, ಭಾನುವಾರವೂ ಹೋಯಿತು. ದೊಡ್ಡಮ್ಮ ಮಗ್ಗುಲು ಬದಲಿಸಲಾಗದೆ ನರಳುತ್ತಿದ್ದರು. ಕಂಡ ನರ್ಸುಗಳಿಗೆಲ್ಲ ಇವರ ಪ್ರಶ್ನೆ ಒಂದೇ; ಇವತ್ತು ಬೆಳಗ್ಗೆ ಡಾಕ್ಟರಮ್ಮ ಬಂದಾಗಲೂ ಅದೇ.

"ಯಾವ ಗ್ರೇಡು ಡಾಕ್ಟ್ರಮ್ಮಾ?"

"ಮುನ್ನೂರ ಹದಿನಾರು ಎಲ್, ಯಜಮಾನ್ರೇ."

ಕೇಳಿ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. "ಉಪ್ಪಿನಕಾಯಿ ಫ್ಯಾಕ್ಟ್ರಿಗೆ ಅದ್ರಲ್ಲೇ ಟ್ಯಾಂಕ್ ಮಾಡ್ಕೊಟ್ಟಿದ್ದೆ ಕಣಮ್ಮ. ಉಪ್ಪು ತಡೀತದೆ ಅಂತ ನಾನೇ ಹೇಳಿದ್ದೆ. ವರ್ಷ ತುಂಬೋದ್ರೊಳಗೆ ಬೆಸುಗೆ ಪಕ್ಕದಲ್ಲಿ ಸೂಜಿಮೊನೆಯಂಥ ತೂತು ಬಿದ್ದೋದ್ವು. ರಕ್ತಾನೂ ಉಪ್ಪೇ ತಾನೆ?"

"ಈ ರಾಡಲ್ಲಿ ಬೆಸುಗೆನೇ ಇಲ್ಲ. ಮೈಯೊಳಗೆ ಹಾಕೋಕೆ ಅಂತಲೇ ಮಾಡಿರೋ ಸ್ಟೀಲು, ನುಣ್ಣಗೆ ಪಾಲಿಶ್ ಮಾಡಿರ್ತಾರೆ. ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಇರುತ್ತೆ. ಗೀರು ಬಿದ್ರೆ ಆ ಪದರ ತಾನಾಗೇ ಮತ್ತೆ ಕಟ್ಕೊಳ್ಳುತ್ತೆ."

"ಒಂದ್ಸಲ ತೋರಿಸ್ಬಿಡಿ. ಅಯಸ್ಕಾಂತ ಇಟ್ಟು ನೋಡ್ತೀನಿ."

"ಸೀಲಾದ ಪ್ಯಾಕೆಟ್ಟಲ್ಲಿ ಬರುತ್ತೆ, ಥಿಯೇಟರ್ ಒಳಗೇ ಬಿಚ್ಚಬೇಕು. ಅದೂ ಅಲ್ದೆ ಅಯಸ್ಕಾಂತ ಅಂಟಲಿಲ್ಲ ಅಂದ ಮಾತ್ರಕ್ಕೆ ಗ್ರೇಡು ಗೊತ್ತಾಗಲ್ಲ, ಅದು ನಿಮಗೂ ಗೊತ್ತು. ಬೇಕಿದ್ರೆ ಟೈಟಾನಿಯಂದು ತರಿಸ್ತೀನಿ."

"ಅದ್ರ ಪರಿಚಯ ನಂಗಿಲ್ಲ," ಎಂದರು ದೊಡ್ಡಪ್ಪ, ಗೊತ್ತುಗುರಿಯಿಲ್ಲದ ಮನೆಯಿಂದ ಸಂಬಂಧ ಬಂದಂತೆ.

ಈ ಮಾತೆಲ್ಲ ನಡೆದದ್ದು ದೊಡ್ಡಮ್ಮನ ಮಂಚದ ಪಕ್ಕದಲ್ಲೇ. ಅವರು ಕಣ್ಣು ಬಿಟ್ಟು, "ರೀ, ಅದು ತುಕ್ಕು ಹಿಡಿಯೋದ್ರೊಳಗೆ ನಾನೇ ಹೋಗಿರ್ತೀನಿ. ಸುಮ್ನೆ ಸೈನ್ ಹಾಕಿ," ಎಂದರು.

"ನೀನೆಲ್ಲೂ ಹೋಗಲ್ಲ ಕಣೆ," ಎಂದರು ದೊಡ್ಡಪ್ಪ. "ಇನ್ನೂ ಬಾಳ ವರ್ಷ ಇರ್ತೀಯ. ಅದು ಅಷ್ಟು ವರ್ಷ ಬರ್ಬೇಕಲ್ಲ, ಅದಕ್ಕೇ ಕೇಳ್ತಿರೋದು."

ಡಾಕ್ಟರಮ್ಮ ಪೆನ್ನು ಮುಂದೆ ಹಿಡಿದರು. ದೊಡ್ಡಪ್ಪ ಹಾಕಿದ ಸಹಿಯಲ್ಲಿ ಅವರ ಹೆಸರು ನನಗೇ ಓದಲಾಗಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಬಾಗಿಲು ತೆರೆಯಿತು. "ಚೆನ್ನಾಗಾಯ್ತು ಯಜಮಾನ್ರೇ. ನಾಳೆ ಎಬ್ಬಿಸಿ ನಿಲ್ಲಿಸೋಣ," ಎಂದು ಹೇಳಿ ಡಾಕ್ಟರಮ್ಮ ಇನ್ನೊಂದು ವಾರ್ಡಿಗೆ ನಡೆದರು. ದೊಡ್ಡಪ್ಪ ಬೆಳಗಿನಿಂದ ಮೊದಲ ಸಲ ಬೆಂಚಿನ ಮೇಲೆ ಕೂತರು. ರಾಡಿನ ಖಾಲಿ ಪ್ಯಾಕೆಟ್ಟು ಕೇಳಿ ತಾ ಎನ್ನುತ್ತಾರೆಂದು ಕಾದೆ. ಅವರು ನನ್ನ ಕಡೆ ಬಾಗಿ, "ಚಳಿಗಾಲ್ದಲ್ಲಿ ಒಳಗಿರೋ ಸ್ಟೀಲು ತಣ್ಣಗಾಗ್ತದೇನೋ? ಅವ್ಳಿಗೆ ಮೊದ್ಲೇ ಚಳಿ ಆಗಲ್ಲ," ಎಂದರು.

ಡಾಕ್ಟರಮ್ಮನನ್ನು ಕೇಳೋಣ ಎನ್ನುವಷ್ಟರಲ್ಲಿ ದೊಡ್ಡಪ್ಪ ಮೆಟ್ಟಿಲಿಳಿದು ಎದುರಿನ ಅಂಗಡಿಗೆ ಉಣ್ಣೆಯ ಶಾಲು ಕೇಳಲು ಹೊರಟಿದ್ದರು. ಮೂಳೆಯೊಳಗಿನ ಸ್ಟೀಲು ಚಳಿಗೆ ಕೊರೆಯುತ್ತದೆಯೇ ಎಂಬುದನ್ನು ಅನುಭವದಿಂದ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಕೊರೆಯುತ್ತದೆ ಎಂದಾದರೆ ಸ್ವಲ್ಪ ಮೆಲ್ಲಗೆ ಬರೆಯಿರಿ, ದೊಡ್ಡಪ್ಪನಿಗೆ ಓದಿ ಹೇಳಬೇಕಾದವನು ನಾನು.