ಅಕ್ಕನ ಅಂಗಾಲು

ಮೂವತ್ತೊಂದು ವರ್ಷ ನಾನು ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವನು. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದು ನನಗೆ ಬಾಯಿಪಾಠ. ಹಾಗಾಗಿ ನಿವೃತ್ತಿಯಾದ ಮೇಲೆ, ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯ ತಿಳುವಳಿಕೆ ಹೇಳಲು ಸ್ವಯಂಸೇವಕರು ಬೇಕು ಎಂದು ಒಂದು ಸಂಸ್ಥೆಯವರು ಕೇಳಿದಾಗ ನಾನು ಹಿಂದೆಮುಂದೆ ನೋಡಲಿಲ್ಲ. ಗೋಡೆಯ ಮೇಲಿನ ಮೀಟರ್ ಓದಿದವನಿಗೆ ಅಂಗೈಯಲ್ಲಿ ಹಿಡಿಯುವ ಶುಗರ್ ಮೀಟರ್ ಯಾವ ಮಹಾ? ಸಾಲದ್ದಕ್ಕೆ ನನಗೂ ಹನ್ನೆರಡು ವರ್ಷದಿಂದ ಶುಗರ್ ಇದೆ. ಅನುಭವವುಳ್ಳ ಅಭ್ಯರ್ಥಿ.

ಎರಡು ದಿನ ತರಬೇತಿ ಆಯಿತು. ಒಂದು ಚೀಲ, ಒಂದು ಮೀಟರ್, ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಬ್ಯಾಡ್ಜು ಕೊಟ್ಟರು. ಜೊತೆಗೆ ಅಂಗಾಲಿಗೆ ಒತ್ತಿ, ಮುಟ್ಟಿದ್ದು ಗೊತ್ತಾಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಒಂದು ನೈಲಾನ್ ಎಳೆ. ಬ್ಯಾಡ್ಜನ್ನು ನಾನು ಮನೆಯಲ್ಲೂ ತೆಗೆಯುತ್ತಿರಲಿಲ್ಲ.

"ಊಟಕ್ಕೂ ಅದನ್ನ ಹಾಕ್ಕೊಂಡೇ ಕೂತ್ಕೋತೀರಾ?" ಎಂದಳು ಹೆಂಡತಿ ನಾಗರತ್ನ. "ನೀವು ಯಾರು ಅಂತ ನನಗೆ ಗೊತ್ತು ಕಣ್ರೀ."

ಮೊದಲ ಶಿಬಿರ ಚಿಕ್ಕಯ್ಯನಛತ್ರದಲ್ಲಿ. ಸಂಘಟಕರು ಶಾಲು ಹೊದಿಸಿ, ಕೈಗೆ ಎರಡು ರಸಬಾಳೆ ಹಣ್ಣು ಕೊಟ್ಟರು. ಬೇಡ ಎನ್ನುವುದು ಸೌಜನ್ಯವಲ್ಲ. ವೇದಿಕೆಯ ಮೇಲೇ ಒಂದನ್ನು ಸುಲಿದು ಅರ್ಧ ತಿಂದೆ. ನಂತರ ಘನಗಂಭೀರವಾಗಿ ಎದ್ದು ನಿಂತು, "ಮಹನೀಯರೇ, ಹೆದರಬೇಡಿ, ಮೊದಲು ನನ್ನ ರಕ್ತವನ್ನೇ ಪರೀಕ್ಷಿಸಿ ತೋರಿಸುತ್ತೇನೆ" ಎಂದು ಬೆರಳು ಚುಚ್ಚಿಕೊಂಡೆ. ಮೀಟರ್ ನಾನೂರ ಹನ್ನೆರಡು ತೋರಿಸಿತು.

ಓದುವುದರಲ್ಲಿ ನಾನು ಎಂದೂ ತಪ್ಪಿದವನಲ್ಲ. ನಾನೂರ ಹನ್ನೆರಡೇ. ಮೈ ಬೆವರಿತು, ಕುರ್ಚಿ ಹುಡುಕಿ ಕುಳಿತೆ. ಯಾರೋ ಟವೆಲಿನಲ್ಲಿ ಗಾಳಿ ಹಾಕಿದರು. ಹಿಂದಿನ ಸಾಲಿನ ಒಬ್ಬ ಹಿರಿಯರು, "ಸಾ, ಮೊದ್ಲು ನೀವು ಆಸ್ಪತ್ರೆಗೆ ಓಗ್ಬನ್ನಿ, ಭಾಸ್ಣ ಇನ್ನೊಂದಿನ ಇಟ್ಕಳವ" ಎಂದರು. ಜೊತೆಯಲ್ಲಿ ಬಂದಿದ್ದ ನರ್ಸಮ್ಮ ಮಾತ್ರ ಮೆಲ್ಲಗೆ ಕೇಳಿದರು: "ಸಾ, ಹಣ್ಣು ತಿಂದ್ಮೇಲೆ ಕೈ ತೊಳ್ಕಂಡ್ರಾ?"

ತೊಳೆದು ನೋಡಿದರೆ ನೂರ ಅರವತ್ತೆಂಟು. ಮೀಟರ್ ನನ್ನ ರಕ್ತದ ಜೊತೆ ಬಾಳೆಹಣ್ಣನ್ನೂ ಓದಿತ್ತು. ಪರೀಕ್ಷೆಗೆ ಮುಂಚೆ ಕೈ ತೊಳೆಯಿರಿ ಎಂಬುದು ಅವತ್ತು ನಾನು ಜನರಿಗೆ ಹೇಳಬೇಕಾಗಿದ್ದ ಮೊದಲನೇ ಪಾಠ. ಇಡೀ ಶಿಬಿರದಲ್ಲಿ ಅವರ ಮನಸ್ಸಿಗೆ ಹತ್ತಿದ್ದೂ ಅದೊಂದೇ. ಆ ಅವಮಾನದಿಂದ ನಾನು ಕೈ ತೊಳೆಯುವುದನ್ನು ಕಲಿತೆ. ಜಂಬ ಮಾತ್ರ ಹಾಗೇ ಉಳಿಯಿತು.

ಅಲ್ಲಿಂದ ಮುಂದೆ ಮೀಟರಿನ ಸಹವಾಸ ನರ್ಸಮ್ಮನಿಗೆ ಬಿಟ್ಟು ನಾನು ಕಾಲಿಗೆ ಇಳಿದೆ. ಶುಗರ್ ಇದ್ದವರ ಕಾಲು ಮರಗಟ್ಟುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ನೋವಿಲ್ಲದ ಗಾಯವೇ ಹೆಚ್ಚು ಅಪಾಯ, ದಿನಾ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಮನೆಯವರಿಂದ ನೋಡಿಸಿಕೊಳ್ಳಿ. ಇಷ್ಟನ್ನು ನಾನು ನಲವತ್ತು ನಿಮಿಷ ಹೇಳಬಲ್ಲವನಾದೆ. ಎಷ್ಟೋ ಊರುಗಳಲ್ಲಿ ಎಷ್ಟೋ ಜನರ ಅಂಗಾಲು ನೋಡಿದೆ.

ಹೀಗೆ ಹದಿನಾರು ಎಂಬ ಹಳ್ಳಿಗೂ ಹೋದೆ. ಅದು ನಮ್ಮಕ್ಕನನ್ನು ಕೊಟ್ಟ ಊರು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ನನ್ನನ್ನು ಸೊಂಟದ ಮೇಲೆ ಹೊತ್ತು, ಚಪ್ಪಲಿಯಿಲ್ಲದ ಕಾಲಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದವಳು ಅವಳು. ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ತೆಗೆದುಕೊಂಡು ಹೋಗಿ ಅವಳ ಕಾಲಿಗೆ ಬೀಳುತ್ತೇನೆ. ಅವಳಿಗೂ ಶುಗರ್. ತಿಂಗಳ ಮಾತ್ರೆ ತಲುಪಿಸುವವನು ನಾನೇ.

ಸಮುದಾಯ ಭವನ ತುಂಬಿತ್ತು. ಅಕ್ಕ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತು, ಬಂದವರಿಗೆಲ್ಲ "ನಮ್ ತಮ್ಮ ಕಣವ್ವ" ಎನ್ನುತ್ತಿದ್ದಳು. ನಾನು ನೈಲಾನ್ ಎಳೆ ಎತ್ತಿ ಹಿಡಿದು, ಯಾರಾದರೂ ಒಬ್ಬರು ಬಂದು ಕಾಲು ತೋರಿಸಿ ಎಂದೆ. ಯಾರೂ ಅಲ್ಲಾಡಲಿಲ್ಲ. ಶಾಲು ಹೊದ್ದು ನಿಂತವನ ಮುಂದೆ ಕಾಲು ಚಾಚುವುದೆಂದರೆ ನಮ್ಮ ಜನಕ್ಕೆ ಹಿಂಸೆ. ಆಗ ಅಕ್ಕ ಕೈ ಎತ್ತಿದಳು. ಅರ್ಧ ಎದ್ದೂ ನಿಂತಳು.

ನನಗೆ ಸ್ಫೂರ್ತಿ ಬಂದುಬಿಟ್ಟಿತು. ಮೈಕಿನಲ್ಲೇ ಹೇಳಿದೆ: "ನೀನು ಕೂತ್ಕೊ ಅಕ್ಕ. ನಿನ್ನ ಕಾಲು ನಾನು ಮುಟ್ಟೋದು ನಮಸ್ಕಾರಕ್ಕೆ ಮಾತ್ರ."

ಚಪ್ಪಾಳೆಯೋ ಚಪ್ಪಾಳೆ. "ತಮ್ಮ ಅಂದ್ರೆ ಇಂಗಿರ್ಬೇಕು" ಎಂದು ಯಾರೋ ಹೆಂಗಸು ಕಣ್ಣೊರೆಸಿಕೊಂಡಳು. ಅಕ್ಕನೂ ನಕ್ಕು ಕೂತುಬಿಟ್ಟಳು. ನಾನು ಇನ್ನಷ್ಟು ಹುರುಪಿನಿಂದ, ಮನೆಯವರ ಅಂಗಾಲನ್ನು ಮನೆಯವರೇ ನೋಡಬೇಕು ಎಂಬ ವಿಷಯವನ್ನು ಸವಿಸ್ತಾರವಾಗಿ ಮಂಡಿಸಿದೆ.

ಅವಳ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡು, ಹೊರಡುವಾಗ ಕಾಲಿಗೆ ಬಿದ್ದೆ. ತಲೆ ಮುಟ್ಟಿ ಹರಸಿದವಳು, "ಸಿವಣ್ಣ, ವಸಿ ನಿಂತ್ಕ. ಈ ಕಾಲ್ದು ಏನೋ..." ಎಂದಳು. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. "ಫೋನ್ ಮಾಡಕ್ಕ" ಎಂದು ಓಡಿದೆ.

"ಅತ್ತಿಗೆ ಹೇಗಿದಾರೆ?" ಎಂದು ಮನೆಗೆ ಬಂದ ಕೂಡಲೇ ನಾಗರತ್ನ ಕೇಳಿದಳು.

"ಅವಳಿಗೇನು? ಮುಂದಿನ ಸಾಲಲ್ಲಿ ಕೂತು ಎಲ್ಲ ಕೇಳಿಸ್ಕೊಂಡ್ಲು" ಎಂದೆ.

ಅಕ್ಕ ಫೋನ್ ಮಾಡಲಿಲ್ಲ. ಮೂರು ವಾರದ ಮೇಲೆ ಭಾವ ಮಾಡಿದರು. "ಸಿವಣ್ಣ, ನಿಮ್ಮಕ್ಕನ ಕಾಲು ವಾಸ್ನೆ ಬತ್ತಾ ಅದೆ ಕಣಪ್ಪ. ಕೇಳುದ್ರೆ ನೋವೇ ಇಲ್ಲ ಅಂತಾಳೆ."

ನೋವೇ ಇಲ್ಲ. ಆ ಮಾತಿನ ಅರ್ಥವನ್ನು ಊರೂರಿಗೆ ಮೈಕಿನಲ್ಲಿ ಬಿಡಿಸಿ ಹೇಳಿದವನು ನಾನು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಗದ್ದೆ ಬದುವಿನಲ್ಲಿ ಚುಚ್ಚಿದ್ದ ಜಾಲಿ ಮುಳ್ಳು ಅಂಗಾಲಿನೊಳಗೇ ಮುರಿದುಕೊಂಡು ಕೂತಿತ್ತು. ಪಾದ ಕಪ್ಪಾಗಿತ್ತು.

"ಮೂರು ವಾರ ಮೊದಲು ತೋರಿಸಿದ್ದರೆ ಮುಳ್ಳು ತೆಗೆದು, ಔಷಧಿ ಕಟ್ಟಿ, ಕಾಲು ಉಳಿಸಿಕೊಳ್ಳಬಹುದಿತ್ತು" ಎಂದರು ಡಾಕ್ಟರು. "ಈಗ ಮೊಣಕಾಲಿನ ಕೆಳಗೆ ತೆಗೆಯಲೇಬೇಕು. ಇವರಿಗೆ ಇದರ ಬಗ್ಗೆ ಯಾರೂ ತಿಳುವಳಿಕೆ ಹೇಳಿರಲಿಲ್ವಾ?"

ನನ್ನ ಎದೆಯ ಮೇಲೆ ಬ್ಯಾಡ್ಜಿತ್ತು. ಅವಸರದಲ್ಲಿ ಹೊರಟವನು ಅದನ್ನು ಮಾತ್ರ ಮರೆತಿರಲಿಲ್ಲ. ಹೆಗಲ ಮೇಲಿನ ಟವೆಲನ್ನು ಎಳೆದು ಅದನ್ನು ಮುಚ್ಚಿದೆ.

ಆಪರೇಷನ್ ಆಗಿ ನಾಲ್ಕನೇ ದಿನ ಅಕ್ಕ ಎದ್ದು ಒರಗಿ ಕುಳಿತಿದ್ದಳು. ನನಗೆ ತಡೆಯಲಾಗಲಿಲ್ಲ. "ನನಗೆ ಒಂದು ಮಾತು ಹೇಳಬಾರದಿತ್ತಾ ಅಕ್ಕ?" ಎಂದು ಅವಳನ್ನೇ ಗದರಿದೆ. ನೋಡಿ, ಆಗಲೂ ಗದರಿದ್ದು ನಾನೇ.

"ಕೈ ಎತ್ತಿದ್ನಲ್ಲಾ" ಎಂದಳು ಅಕ್ಕ. "ತೋರ್ಸವ ಅಂತ್ಲೇ ಎದ್ದೆ. ನೀನು ಕೂತ್ಕೊ ಅಂದೆ, ಕೂತ್ಕಂಡೆ. ಜನ ಅಷ್ಟ್ ಚೆಂದಾಗಿ ಚಪ್ಪಾಳೆ ತಟ್ತಾ ಇದ್ರು. ನಿನ್ ಮಾತ್ ಯಾಕ್ ಕೆಡಿಸ್ಲಿ ಅಂತ ಸುಮ್ನಾದೆ."

ಅವಳ ಮಾತಲ್ಲಿ ಆಕ್ಷೇಪಣೆ ಇರಲಿಲ್ಲ. ಅದೇ ನನ್ನನ್ನು ಕೊಂದಿತು. ಐವತ್ತು ವರ್ಷ ಆ ಕಾಲಿಗೆ ಬಿದ್ದಿದ್ದೇನೆ. ಒಂದು ಸಲವಾದರೂ ತಲೆಯನ್ನು ಇನ್ನು ನಾಲ್ಕು ಬೆರಳು ಬಗ್ಗಿಸಿ ಆಚೆ ಬದಿಯಲ್ಲಿ ಏನಿದೆ ಎಂದು ನೋಡಲಿಲ್ಲ.

ಮನೆಗೆ ಬಂದು ನಾಗರತ್ನಳಿಗೆ ಎಲ್ಲ ಹೇಳಿದೆ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಅವಳಿಗೆ ಬಹಳ ಪ್ರಿಯ. ಅದನ್ನು ಅಂದುಬಿಡಲಿ ಎಂದು ಕಾದು ಕುಳಿತೆ. ಅವಳು ಸುಮ್ಮನೆ ತಟ್ಟೆ ಹಾಕಿ ಬಡಿಸಿದಳು. ಬೈದಿದ್ದರೆ ಎರಡು ತುತ್ತು ಒಳಗೆ ಇಳಿಯುತ್ತಿತ್ತೇನೋ.

ಈ ಸಲದ ಗೌರಿ ಹಬ್ಬಕ್ಕೆ ಇಬ್ಬರೂ ಬಾಗಿನ ತೆಗೆದುಕೊಂಡು ಹದಿನಾರಿಗೆ ಹೋದೆವು. ಅಕ್ಕ ಮಂಚದ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ಊರುಗೋಲು. ನಾನು ಬಗ್ಗಿದೆ.

"ಅಡ್ಡ ಬೀಳದು ಆಮೇಕೆ" ಎಂದಳು. "ಮೊದ್ಲು ಅಂಗಾಲ್ ನೋಡು. ಇರದೇ ಒಂದು, ಬಿರ್ನೆ ಆಯ್ತದೆ."

ನೆಲದ ಮೇಲೆ ಕುಳಿತು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ. ಜೇಬು ತಡವಿದೆ. ಓದುವ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೆ. ಒಂದು ಕಾಲು ನೋಡುವ ಕೆಲಸಕ್ಕೆ ಬಂದ ತಜ್ಞ, ಕಣ್ಣೇ ತಂದಿಲ್ಲ! ಅಕ್ಕ ತನ್ನ ಕನ್ನಡಕ ತೆಗೆದು ಕೊಟ್ಟಳು. ಹಾಕಿಕೊಂಡೆ. ಎಲ್ಲ ಮಂಜು ಮಂಜು. ಅದು ಕನ್ನಡಕದ ತಪ್ಪಾಗಿರಲಿಲ್ಲ.

"ಏನ್ಲಾ, ಕಾಣ್ತದಾ?"

"ಕಾಣ್ತದೆ ಅಕ್ಕ" ಎಂದು ಸುಳ್ಳು ಹೇಳಿದೆ.

ನಾಗರತ್ನ ಪಕ್ಕಕ್ಕೆ ಬಂದು ಕುಳಿತಳು. ಕಾಲನ್ನು ನನ್ನ ತೊಡೆಯಿಂದ ತನ್ನ ತೊಡೆಗೆ ಎತ್ತಿಟ್ಟುಕೊಂಡು, ಬೆಳಕಿಗೆ ತಿರುಗಿಸಿ, ಬೆರಳು ಬೆರಳಿನ ಸಂದು ಬಿಡಿಸಿ ನೋಡಿದಳು. "ಹಿಮ್ಮಡಿ ವಸಿ ಒಡೆದಿದೆ, ಕೊಬ್ಬರಿ ಎಣ್ಣೆ ಹಚ್ಚಿ ಅತ್ತಿಗೆ. ಬೇರೇನಿಲ್ಲ."

"ನೀನೂ ಟ್ರೈನಿಂಗ್ ತಕಂಡಿದ್ಯಾ ರತ್ನ?"

"ಇಲ್ಲ ಅತ್ತಿಗೆ. ನೋಡ್ದೆ, ಅಷ್ಟೆ."

ನಾನು ಎದ್ದು, ನೀರು ಕುಡಿದು ಬರುವವನಂತೆ ಜಗುಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಅಲ್ಲಿ ಕರೆಂಟ್ ಮೀಟರ್ ಇತ್ತು. ಅದನ್ನೂ ಓದಲಾಗಲಿಲ್ಲ. ಒಳಗಿನಿಂದ ಅಕ್ಕ ಕೂಗಿದಳು:

"ಲೋ ಸಿವಣ್ಣ, ನನ್ ಕನ್ನಡ್ಕ ಕೊಟ್ಬುಟ್ಟು ಅಳು ಕಣ್ಲಾ."