ರಸ್ತೆ ಬದಿಯ ಅನ್ನ ಸಾರು

ಪ್ರವಾಸದಿಂದ ಬಂದವರನ್ನು ಸುಸ್ತು ಯಾಕಾಯಿತೆಂದು ಕೇಳಿದರೆ ಬೆಟ್ಟ ಹತ್ತಿದ್ದು, ಬಿಸಿಲಲ್ಲಿ ಅಲೆದದ್ದು, ನಿದ್ದೆಗೆಟ್ಟದ್ದು ಎಂದು ಏನಾದರೂ ಹೇಳುತ್ತಾರೆ. ನನಗೆ ಸುಸ್ತಾಗಿರುವುದು ಉಂಡು ಉಂಡು. ಜಂಬದ ಮಾತಲ್ಲ. ನಮ್ಮ ಸಂಸಾರ ಒಂದು ಹಳೆಯ ವ್ಯಾನು, ಒಂದು ಟೆಂಟು, ಒಂದು ಪುಟ್ಟ ಗ್ಯಾಸ್ ಒಲೆ ಕಟ್ಟಿಕೊಂಡು ರಸ್ತೆ ಬದಿಯಲ್ಲಿ ಬಿಡಾರ ಹೂಡಲು ಈವರೆಗೆ ಮೂರು ಸಲ ಹೊರಟಿದೆ. ಮೊದಲೆರಡು ಸಲ ಟೆಂಟು ಚೀಲದಿಂದ ಹೊರಗೇ ಬರಲಿಲ್ಲ. ಯಾರದೋ ಮನೆಯ ಬಾಳೆಲೆಯ ಮುಂದೆ ಕೂತು, ಬಡಿಸುವವರಿಗೆ ಕೈ ಅಡ್ಡ ಹಿಡಿದು ಸೋತು ಬಂದೆವು. ಇದಕ್ಕೆಲ್ಲ ಕಾರಣ ನನ್ನದೊಂದು ಕಾಯಿಲೆ. ನನಗೆ 'ಬೇಡ' ಎನ್ನಲು ಬರುವುದಿಲ್ಲ.

ಆಸೆ ಹುಟ್ಟಿಸಿದ್ದು ಮಗಳು ಅನಘಾ. ಪಿಯುಸಿ ಓದುವ ಅವಳು ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಸಂಸಾರವೊಂದು ವ್ಯಾನಿನಲ್ಲೇ ಊರೂರು ತಿರುಗುವ ವಿಡಿಯೋ ತೋರಿಸಿದಳು. ನಾನು ನೋಡಿ ಮರೆತೆ. ನನ್ನ ಹೆಂಡತಿ ಸುಮನಾ ಮಾತ್ರ ಎರಡು ಸಲ ನೋಡಿದಳು. ಆಮೇಲೆ ಪಾತ್ರೆ ಒರೆಸುತ್ತಾ, "ಮದುವೆಯಾಗಿ ಇಪ್ಪತ್ತೊಂದು ವರ್ಷ ಆಯ್ತು. ಒಂದೋ ನಮ್ಮನೇಲಿ ಯಾರಾದ್ರೂ ಇರ್ತಾರೆ, ಇಲ್ಲಾ ನಾವು ಯಾರ್ದಾದ್ರೂ ಮನೇಲಿರ್ತೀವಿ. ಒಂದೇ ಒಂದು ಸಂಜೆ ಯಾರ ಮನೆಯೂ ಅಲ್ಲದ ಕಡೆ ಕೂತು, ನೀವು ಮಾಡಿದ ಅನ್ನ ಸಾರು ಉಣ್ಬೇಕು ನಂಗೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. ಸಿಟ್ಟಾಗಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆ. ದಣಿವು ಕೇಳಿ ವ್ಯಾನು ಕೊಂಡೆ.

ವ್ಯಾನು ನೋಡಿದ ಸಾಗರದ ಮೆಕ್ಯಾನಿಕ್ ಬಾನೆಟ್ಟು ಮುಚ್ಚಿ, "ಆಗುಂಬೆ ತನಕ ಬೇಕಾದ್ರೆ ಹೋಗಿ ಸಾರ್, ಘಟ್ಟ ಇಳಿಯೋ ಯೋಚ್ನೆ ಮಾತ್ರ ಮಾಡ್ಬೇಡಿ" ಎಂದ. ಹೀಗಾಗಿ ನಮ್ಮ ಲೋಕಸಂಚಾರ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಗಡಿ ದಾಟದಂತಾಯಿತು. ತೊಂದರೆ ಇರುವುದು ಇಲ್ಲೇ. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಇಲಾಖೆ ನನ್ನನ್ನು ಇದೇ ಮೂರು ತಾಲ್ಲೂಕುಗಳಲ್ಲಿ ಚೆನ್ನೆಮಣೆಯ ಕಾಯಿಯಂತೆ ತಿರುಗಿಸಿದೆ. ಯಾವ ತಿರುವಿನಲ್ಲಿ ಗಾಡಿ ನಿಲ್ಲಿಸಿದರೂ, ನನ್ನಿಂದ ಕಿವಿ ಹಿಂಡಿಸಿಕೊಂಡವನೊಬ್ಬ ಬೈಕಿನಲ್ಲಿ ಬಂದೇ ಬರುತ್ತಾನೆ. ಅಂಥವರಿಗೆ ನನ್ನ ಮೇಲೆ ಸೇಡಿದ್ದಿದ್ದರೆ ಎಷ್ಟೋ ಅನುಕೂಲವಿತ್ತು. ಅವರಿಗಿರುವುದು ಪ್ರೀತಿ.

ಅದರ ಮೇಲೆ ನಮ್ಮ ಸೀಮೆಯ 'ಆಸರಿಗೆ'. ಬಂದವರಿಗೆ ಮೊದಲು ದಾಹಕ್ಕೆ ಏನಾದರೂ ಕೊಡುವ ಪದ್ಧತಿ ಇದು. ಒಂದು ಚೂರು ಬೆಲ್ಲ, ಒಂದು ಚೊಂಬು ನೀರು, ಅಷ್ಟೆ. ಆದರೆ ಒಮ್ಮೆ ಆ ಚೊಂಬು ಮುಟ್ಟಿದಿರೋ, ಮಜ್ಜಿಗೆ, ಚಹಾ, ಊಟ, ಹಾಸಿಗೆ ಎಲ್ಲ ಒಂದರ ಹಿಂದೊಂದು ಬಂದು, ಬೆಳಿಗ್ಗೆ ತಿಂಡಿಯಾಗದೆ ಬಿಡುಗಡೆಯಿಲ್ಲ.

ಮೊದಲ ಸಲ ಹೊಸನಗರದ ಕಡೆ ಹಿನ್ನೀರಿನ ದಂಡೆಯಲ್ಲಿ ನಿಂತೆವು. ನಾನು ಅಕ್ಕಿ ಬೇಳೆಯ ಗಂಟು ಬಿಚ್ಚುವಷ್ಟರಲ್ಲಿ ಹಳೆಯ ವಿದ್ಯಾರ್ಥಿ ಪ್ರಶಾಂತ ಬಂದ. ಹತ್ತನೇ ತರಗತಿಯನ್ನು ಎರಡು ಸಲ ಓದಿದವನು. "ಎಂತ ಸಾರ್, ಗಾಡಿ ಕೆಟ್ಟೋಯ್ತಾ?" ಎಂದ. "ಇಲ್ಲಪ್ಪ, ಇಲ್ಲೇ ಉಳಿಯೋಣ ಅಂತ" ಎಂದೆ. ಅವನ ಮುಖ ನೋಡಬೇಕಿತ್ತು. "ಎಂಗಳ ಮನೆ ಇಲ್ಲೇ ಇದ್ದು ಸಾರ್. ನೀವು ರಸ್ತೆ ಮೇಲೆ ಅಡುಗೆ ಮಾಡಿದ್ದು ಅಪ್ಪಯ್ಯಂಗೆ ಗೊತ್ತಾದ್ರೆ ನನ್ನ ಕಥೆ ಎಂತ?" ಎಂದವನೇ ಒಲೆಯನ್ನು ತಾನೇ ಮಡಚಿ ವ್ಯಾನಿನೊಳಗಿಟ್ಟ. ಅವರ ಮನೆಯಲ್ಲಿ ನಾನು ಜಗಲಿಯಲ್ಲಿ ಕಾಲು ಚಾಚಿ ಕೂತೆ. ಸುಮನಾ ಅಡುಗೆಮನೆಯಲ್ಲಿ ಪ್ರಶಾಂತನ ಅಮ್ಮನ ಜೊತೆ ರೊಟ್ಟಿ ತಟ್ಟಿದಳು. ನೆಂಟರ ಮನೆಗೆ ಹೋದ ಹೆಂಗಸು ಕೂತಿರಲು ಎಲ್ಲಿ ಆಗುತ್ತದೆ? ಇದು ನನಗೆ ಹೊಳೆದದ್ದು ಮಾರನೆಯ ದಿನ, ವಾಪಸ್ಸು ಬರುವ ದಾರಿಯಲ್ಲಿ, ಅದೂ ಅವಳು ಬಾಯಿಬಿಟ್ಟು ಹೇಳಿದ ಮೇಲೆ. ಬಿಚ್ಚದ ಅಕ್ಕಿ ಗಂಟಿನ ಜೊತೆ ಎರಡು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಮನೆಗೆ ಬಂತು.

ಎರಡನೆಯ ಸಲ ತೀರ್ಥಹಳ್ಳಿಯ ಹತ್ತಿರ, ಹೊಳೆದಂಡೆಯಲ್ಲಿ, ರಸ್ತೆಗೆ ಕಾಣದ ಹಾಗೆ ಬಿದಿರು ಮೆಳೆಯ ಹಿಂದೆ ವ್ಯಾನು ನಿಲ್ಲಿಸಿದೆ. ಸಂಜೆ ವಾಕಿಂಗಿಗೆ ಅಲ್ಲಿಗೇ ಬರಬೇಕೇ ನನ್ನ ನಿವೃತ್ತ ಹೆಡ್‌ಮಾಸ್ಟರು. ಕೋಲೆತ್ತಿ, "ನಾನಿನ್ನೂ ಬದುಕಿದೀನಿ ಕಣಯ್ಯಾ" ಎಂದರು. ನಾನು ವ್ಯಾನನ್ನು ಅವರ ಮನೆಯ ಕಡೆ ತಿರುಗಿಸಿದೆ. ಅವತ್ತು ಸುಮನಾ ಅವರ ಮನೆಯಲ್ಲಿ ಹಲಸಿನ ಹಪ್ಪಳ ಕರಿದಳು. ಅದೇ ಅಕ್ಕಿ ಬೇಳೆಯ ಗಂಟು ಮತ್ತೆ ನಮ್ಮ ಜೊತೆ ಸಾಗರಕ್ಕೆ ಬಂತು. ಮನೆಗೆ ಬಂದು ಅದನ್ನು ಡಬ್ಬಿಗೆ ಸುರಿಯುತ್ತಾ ಅವಳು, "ಇನ್ನೊಂದೇ ಸಲ. ಆಮೇಲೆ ನಾನು ಕೇಳಲ್ಲ" ಎಂದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೇಳುವುದನ್ನು ನಿಲ್ಲಿಸಿದ ಹೆಂಡತಿಯ ಜೊತೆ ಹೇಗೆ ಬದುಕುವುದೆಂದು ನನಗೆ ಗೊತ್ತಿಲ್ಲ.

ಮೂರನೆಯ ಸಲ ಹುಂಚದ ಆಚೆ ಹೋದೆವು. ಆ ಕಡೆ ನಾನು ಒಂದು ದಿನವೂ ಪಾಠ ಮಾಡಿದವನಲ್ಲ. ಸುಮನಾಳ ಷರತ್ತು ಒಂದೇ: "ನೀವು ಬಾಯಿ ಬಿಡಬಾರ್ದು." ಒಪ್ಪಿದೆ. ಗದ್ದೆ ಬಯಲಿನ ಅಂಚಿನಲ್ಲಿ, ಮಾವಿನ ಮರದಡಿ ಟೆಂಟು ನಿಂತಿತು. ಸ್ವಲ್ಪ ಸೊಟ್ಟಗೆ, ಆದರೆ ನಿಂತಿತು. ಅವಳು ಮಡಚುವ ಕುರ್ಚಿಯಲ್ಲಿ ಕೂತಳು. ನಾನು ಚಹಾ ಮಾಡಿ ಅವಳ ಕೈಗೆ ಕೊಟ್ಟೆ. ಅವಳು ಗದ್ದೆಯ ಕಡೆ ನೋಡುತ್ತಾ ನಿಧಾನವಾಗಿ ಕುಡಿಯತೊಡಗಿದಳು. ಇಪ್ಪತ್ತೊಂದು ವರ್ಷದಲ್ಲಿ ಅವಳು ಬಿಸಿ ಚಹಾವನ್ನು ಕೂತು ಕುಡಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಗಂಟು ಬಿಚ್ಚಿ ಅಕ್ಕಿ, ಬೇಳೆ ತೊಳೆದೆ. ಕುಕ್ಕರ್ ಒಲೆಯ ಮೇಲೇರಿತು. ಮನಸ್ಸು ತುಂಬಿ ಬಂತು. ತುಂಬಿ ಬಂದದ್ದೇ ತಪ್ಪಾಯಿತು. ರಸ್ತೆಯಲ್ಲಿ ಬೈಕಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಯಾರೋ ಹೋಗುತ್ತಿದ್ದರು. ನನಗರಿವಿಲ್ಲದೆ ನನ್ನ ಕೈ ಮೇಲೆದ್ದಿತು, ಬಾಯಿ ತೆರೆಯಿತು.

"ದೂರ ಹೊರಟ್ರಾ? ಬನ್ನಿ, ಒಂದು ಲೋಟ ಚಾ ಕುಡ್ಕೊಂಡು ಹೋಗಿ."

ಬೈಕು ನಿಂತಿತು. ಸುಮನಾಳ ಲೋಟವೂ ಬಾಯಿಯ ಹತ್ತಿರವೇ ನಿಂತಿತು. ಬಂದವರ ಹೆಸರು ಮಂಜಪ್ಪ. ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಟೆಂಟಿನ ಸುತ್ತ ಒಂದು ಸುತ್ತು ಬಂದು, ಗದ್ದೆಯಾಚೆ ಕೈ ತೋರಿಸಿದರು. "ಅಕಾ ನೋಡಿ, ಅದೇ ನಮ್ಮನೆ. ನಿಮ್ಮ ಚಾ ಕುಡ್ದು ನಿಮ್ಮನ್ನ ಹಿಂಗೆ ಬಿಟ್ಟು ಹೋದ್ರೆ ನಮ್ಮನೆಯವ್ಳು ನನ್ನ ಒಳಗೆ ಸೇರ್ಸಲ್ಲ. ಏಳಿ ಮತ್ತೆ."

ನಾನು ಸುಮನಾಳ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಅವಳೇ ಮೆಲ್ಲಗೆ ಹೇಳಿದಳು: "ಬೇಡ ಅಣ್ಣ. ನಂಗೆ ಸುಸ್ತಾಗಿದೆ. ನಾನು, ಮಗಳು ಇಲ್ಲೇ ಇರ್ತೀವಿ. ಕರೆದವರು ಅವರು ತಾನೇ, ಅವರನ್ನ ಕರ್ಕೊಂಡು ಹೋಗಿ."

ಇಷ್ಟು ಸುಲಭವೇ ಆ ಮಾತು? ಆಕಾಶ ಕಳಚಿ ಬೀಳಲಿಲ್ಲ. ಮಂಜಪ್ಪನವರು ಒಂದು ಕ್ಷಣ ಅವಳ ಮುಖ ನೋಡಿ, "ಆತು ಬಿಡಕ್ಕ. ಏನಾರ ಬೇಕಂದ್ರೆ ಒಂದು ಕೂಗು ಹಾಕಿ, ಕೇಳ್ತತೆ" ಎಂದರು. ನಾನು ಹುಲ್ಲಿನ ಹೊರೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈಕಿನ ಹಿಂದೆ ಕೂತೆ.

ಜಗಲಿಯಿಂದ ನೋಡಿದರೆ ನಮ್ಮ ಸೊಟ್ಟ ಟೆಂಟು ಚೆನ್ನಾಗಿ ಕಾಣುತ್ತಿತ್ತು. ಕುಕ್ಕರ್ ಕೂಗಿದ್ದೂ ಕೇಳಿತು. ಅಮ್ಮ ಮಗಳು ಯಾವುದಕ್ಕೋ ನಗುತ್ತಿದ್ದರು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಮಂಜಪ್ಪನವರ ಹೆಂಡತಿ ಎಲೆ ಹಾಕಿ, ಬಿಸಿ ಕಡುಬು ಬಡಿಸಿ, ಮೇಲೆ ತುಪ್ಪ ಸುರಿದರು. ನಾಲ್ಕನೆಯ ಕಡುಬಿನಲ್ಲಿದ್ದಾಗ ಮೊಬೈಲಿಗೆ ಅನಘಾಳ ಫೋಟೋ ಬಂತು. ಎರಡು ತಟ್ಟೆ ಅನ್ನ ಸಾರು, ನನ್ನ ಕುರ್ಚಿಯ ಮೇಲೆ ಸುಮನಾಳ ಎರಡು ಕಾಲು. ಕೆಳಗೆ ಬರೆದಿದ್ದಳು: "ಅಪ್ಪಾ, ಕ್ಯಾಂಪಿಂಗ್ ತುಂಬಾ ಚೆನ್ನಾಗಿದೆ. ಅನ್ನ ಮಿಕ್ಕಿದೆ, ಹಸಿವಿದ್ರೆ ಬನ್ನಿ."

ಓದಿ ತಲೆಯೆತ್ತುವಷ್ಟರಲ್ಲಿ ಮಂಜಪ್ಪನವರ ಹೆಂಡತಿ ಐದನೆಯ ಕಡುಬು ಹಿಡಿದು ನಿಂತಿದ್ದರು. ನಾನು ಎಲೆಯಲ್ಲಿ ಜಾಗ ಮಾಡಿಕೊಟ್ಟೆ.