ಬಸ್ಸು ಬಂದದ್ದು ಮರಿಕ್ಕುವಿನ ಹಬ್ಬಕ್ಕೆ

ಸೈಪ್ರಸ್ ದ್ವೀಪದಲ್ಲಿ ವ್ಯಾಪಾರಿಗಳಿಗೇನೂ ಬರವಿಲ್ಲ. ಆದರೆ ಎದುರಿಗೆ ನಿಂತವನ ಮುಖ ನೋಡಿಯೇ ಅವನ ಮನೆಯ ಎಣ್ಣೆ ಡಬ್ಬ ಎಷ್ಟು ಖಾಲಿಯಾಗಿದೆಯೆಂದು ಹೇಳಬಲ್ಲವನು ನಾನೊಬ್ಬನೇ. ಇದನ್ನು ನನ್ನ ಬಾಯಿಂದಲೇ ಹೇಳಿಕೊಳ್ಳಬೇಕಾಗಿರುವುದು ಬೇಸರದ ಸಂಗತಿ. ಊರಿನವರು ಹೇಳುವುದಿಲ್ಲವಾದ್ದರಿಂದ ಬೇರೆ ದಾರಿಯಿಲ್ಲ. ಇಂಥ ನಾನು ಆ ಬೇಸಿಗೆಯಲ್ಲಿ ಒಂದು ಮಹಾಸಂಕಲ್ಪ ಮಾಡಿದೆ. ಪ್ರವಾಸಿಗಳ ಬಸ್ಸನ್ನು ಮೇಲೂರಿನವರ ಕೈಯಿಂದ ಕಿತ್ತು ನನ್ನ ಮನೆಯ ಅಂಗಳಕ್ಕೆ ತರುವುದು! ಅದೂ ಹೆಂಡತಿಯ ಸಹಾಯವಿಲ್ಲದೆ, ಅತ್ತೆಯ ಸಲಹೆಯಿಲ್ಲದೆ. ಇವೆರಡರಲ್ಲಿ ಎರಡನೆಯದು ಹೆಚ್ಚು ಕಷ್ಟದ್ದು.

ಬಸ್ಸು ಪ್ಲೂತಿಸ್‌ನದು. ಕಡಲದಂಡೆಯ ಹೋಟೆಲುಗಳಲ್ಲಿ ಬಿಸಿಲಿಗೆ ಬೆಂದು ಕೆಂಪಗಾದ ವಿದೇಶಿಯರನ್ನು ತುಂಬಿಕೊಂಡು ಪ್ರತಿ ಗುರುವಾರ ಬೆಟ್ಟ ಹತ್ತುತ್ತಾನೆ. ನಮ್ಮೂರನ್ನು ಧೂಳೆಬ್ಬಿಸಿ ದಾಟಿ ಮೇಲೂರಿಗೆ ಹೋಗಿ ಅಲ್ಲಿ ಊಟ ಹಾಕಿಸುತ್ತಾನೆ. ಕಾರಣ ಊಟವಲ್ಲ, ಕಥೆ. ಹಿಂದಿನ ಕಾಲದ ರೀಗೆನಾ ರಾಣಿ ಅಲ್ಲಿನ ಬಂಡೆಯಿಂದ ಹಾರಿದಳಂತೆ. ಆಕೆ ಈ ದ್ವೀಪದಲ್ಲಿ ಹಾರದ ಬಂಡೆಯಿಲ್ಲ, ಮೀಯದ ಬುಗ್ಗೆಯಿಲ್ಲ. ಅಷ್ಟೆಲ್ಲ ಓಡಾಡಿದವಳು ನಮ್ಮೂರಿಗೆ ಮಾತ್ರ ಬರಲಿಲ್ಲವೆಂದರೆ ಯಾರು ನಂಬುತ್ತಾರೆ? ನನ್ನ ಅಂಗಳದ ಹಿಪ್ಪುನೇರಳೆ ಮರದಡಿ ಮೇಜಿನಂತೆ ಚಪ್ಪಟೆಯಾದ ದೊಡ್ಡ ಕಲ್ಲೊಂದಿದೆ. ರಾಣಿ ಅದರ ಮೇಲೆ ಊಟ ಮಾಡಿದಳೆಂದು ನಾನು ತೀರ್ಮಾನಿಸಿದೆ.

ಪ್ಲೂತಿಸ್ ಕಲ್ಲನ್ನು ಸುತ್ತಿ ನೋಡಿದ.

"ಕಲ್ಲು ಪರವಾಗಿಲ್ಲ. ಊಟ?"

"ಕ್ಲೆಫ್ತಿಕೊ. ಹಿಂದಿನ ದಿನವೇ ಕುರಿಮಾಂಸ ಮಣ್ಣಿನ ಒಲೆ ಒಳಗಿಟ್ಟು ಬಾಯಿ ಮೆತ್ತಿಬಿಡ್ತೀನಿ. ಮರುದಿನ ತೆಗೆದ್ರೆ ಮೂಳೆ ತಾನಾಗೇ ಕಳಚಿ ಬರುತ್ತೆ."

"ನಿನ್ನ ಹೆಂಡತಿ ಮಾಡ್ತಾಳಲ್ಲ, ಆ ಥರಾನಾ?"

"ಅವಳಿಗಿಂತ ಚೆನ್ನಾಗಿ."

ಅವನು ನನ್ನನ್ನು ಕಲ್ಲು ನೋಡಿದ ಹಾಗೆಯೇ ಸುತ್ತಿ ನೋಡಿದ. "ಸರಿ ತೊಫಿ. ಆಗಸ್ಟ್ ಹದಿನೈದು ಗುರುವಾರ ಬಿದ್ದಿದೆ. ಮಾತೆ ಮರಿಯಮ್ಮನ ಹಬ್ಬ. ಗಂಟೆ ಹೊಡೀತಿರುತ್ತೆ, ಜನ ಹೊಸ ಬಟ್ಟೆ ಹಾಕಿರ್ತಾರೆ, ಇವರಿಗೆ ಫೋಟೋಗೆ ಚೆನ್ನ. ಅವತ್ತು ಕರ್ಕೊಂಡು ಬರ್ತೀನಿ. ಇವರು ಒಪ್ಪಿದ್ರೆ ಇನ್ಮೇಲೆ ಎಲ್ಲಾ ಗುರುವಾರಾನೂ ನಿಂದೇ. ಮುಖ ಹಿಂಡಿದ್ರೆ ಆಮೇಲೆ ಬಸ್ಸಿನ ಮಾತು ಎತ್ಕೂಡದು."

ಕೈ ಕುಲುಕಿದೆವು. ಮನೆಯಲ್ಲಿ ಹೇಳಲಿಲ್ಲ. ಹಿಂದೊಮ್ಮೆ ಪ್ರವಾಸಿಗಳಿಗೆಂದು ಕತ್ತೆಹಾಲಿನ ಸೋಪು ತರಿಸಿದ್ದೆ. ಒಬ್ಬರೂ ಕೊಳ್ಳಲಿಲ್ಲ. ನಮ್ಮ ಮನೆಮಂದಿ ಇಂದಿಗೂ ಅದರಲ್ಲೇ ಮೀಯುತ್ತಿದ್ದೇವೆ, ಮತ್ತು ಪ್ರತಿ ಸ್ನಾನದ ನಂತರ ಅತ್ತೆ ಮಿಲ್ಯಾ ಬಚ್ಚಲಿನಿಂದ ಹೊರಗೆ ಬಂದು ನನ್ನ ಮುಂದೆ ನಿಂತು ಒಂದು ಸಲ ಕತ್ತೆಯ ಹಾಗೆ ಉಸಿರು ಬಿಡುತ್ತಾರೆ. ಆದ್ದರಿಂದ ಈ ಸಲ ಗೆದ್ದ ಮೇಲೆಯೇ ಬಾಯಿ ಬಿಡುವುದೆಂದು ನಿಶ್ಚಯಿಸಿದೆ. ಹೆಂಡತಿಗೆ ಇಷ್ಟು ಮಾತ್ರ ಹೇಳಿದೆ.

"ಮರಿಕ್ಕು, ಈ ಹದಿನೈದಕ್ಕೆ ನೀನು ಒಲೆ ಹತ್ರ ಬರಬೇಡ. ಅಡುಗೆ, ಮೇಜು, ಬಡಿಸೋದು, ಎಲ್ಲಾ ನನ್ನದು. ನೀನು ಸುಮ್ನೆ ಕೂತಿರು."

ಅವಳು ದ್ರಾಕ್ಷಿ ಎಲೆ ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. "ಜ್ವರ ಗಿರ ಬಂದಿದೆಯಾ ನಿಂಗೆ?"

"ಯಾಕೆ, ಗಂಡ ಅನ್ನೋನು ಒಂದಿನ ಮನೆಗೋಸ್ಕರ ಕೆಲಸ ಮಾಡಬಾರ್ದಾ?"

"ಮಾಡಬಾರ್ದು ಅಂತ ಯಾರು ಹೇಳಿದ್ರು. ಮಾಡಿದ್ದು ನೋಡಿಲ್ಲ, ಅದಕ್ಕೆ ಕೇಳಿದೆ." ಹೀಗೆ ಹೇಳಿ ಅವಳು ಎಲೆಯ ಕಡೆ ತಿರುಗಿದಳು. ಆದರೆ ಕಿವಿಯ ತುದಿ ಕೆಂಪಾಗಿತ್ತು. ಮುಖ ನೋಡಿ ಎಣ್ಣೆ ಡಬ್ಬ ಅಳೆಯುವವನಿಗೆ ಹೆಂಡತಿಯ ಕಿವಿ ಓದುವುದು ಗೊತ್ತಾಗಲಿಲ್ಲ.

ಮುಂದಿನ ದಿನಗಳಲ್ಲಿ ಊರು ನನ್ನನ್ನು ವಿಚಿತ್ರವಾಗಿ ಗೌರವಿಸತೊಡಗಿತು. ಅಂಗಡಿಗೆ ಬಂದ ಹೆಂಗಸರು ಚೌಕಾಸಿ ಮಾಡಲಿಲ್ಲ. ಒಬ್ಬಾಕೆಯಂತೂ ಹಬ್ಬದ ದಿನಕ್ಕೆಂದು ಹಲ್ಲೂಮಿ ಚೀಸು ಕಟ್ಟಿಸಿಕೊಳ್ಳುತ್ತ, "ನಮ್ಮ ಯಜಮಾನ್ರಿಗೂ ಸ್ವಲ್ಪ ನಿಮ್ಮ ಬುದ್ಧಿ ಹೇಳಿ ತೊಫಿಯಣ್ಣಾ" ಎಂದಳು. ಬಸ್ಸಿನ ಸುದ್ದಿ ಹೇಗೋ ಹೊರಬಿದ್ದು ಜನ ನನ್ನ ವ್ಯಾಪಾರ ಬುದ್ಧಿಗೆ ಮಣಿಯುತ್ತಿದ್ದಾರೆಂದು ತಿಳಿದು ನಾನು ಇನ್ನೊಂದು ಕುರಿ ಹೆಚ್ಚಿಗೆ ತರಿಸಿದೆ.

ಹದಿನಾಲ್ಕರ ಸಂಜೆ ಮಾಂಸದ ಮಡಕೆಗಳನ್ನು ಒಲೆಯೊಳಗೆ ತಳ್ಳಿ ಬಾಯಿಗೆ ಮಣ್ಣು ಮೆತ್ತಿದೆ. ಹಿಂದೆ ಬೆಟ್ಟದ ಕಳ್ಳರು ಕದ್ದ ಕುರಿಯನ್ನು ಹೀಗೇ ಬೇಯಿಸುತ್ತಿದ್ದರು, ವಾಸನೆ ಕುರಿಯ ಯಜಮಾನನ ಮೂಗಿಗೆ ತಲುಪಬಾರದೆಂದು. ನನಗೂ ಆ ಕಳ್ಳರಿಗೂ ಇದ್ದ ವ್ಯತ್ಯಾಸವೆಂದರೆ, ನಾನು ಒಲೆಯ ಜೊತೆಗೆ ನನ್ನ ಬಾಯನ್ನೂ ಮೆತ್ತಿಕೊಂಡಿದ್ದೆ.

ಹಬ್ಬದ ಬೆಳಿಗ್ಗೆ ಮರಿಕ್ಕು ಹೊಸ ನೀಲಿ ಉಡುಪು ತೊಟ್ಟು ಅತ್ತೆಯೊಡನೆ ಚರ್ಚಿಗೆ ಹೋದಳು. ನಾನು ಮರದಡಿ ಮೇಜುಗಳನ್ನು ಸೇರಿಸಿ, ಬಿಳಿ ಬಟ್ಟೆ ಹಾಸಿ, ಕಲ್ಲಿಗೆ ನೀರು ಚಿಮುಕಿಸಿ ಪುರಾತನ ಕಳೆ ತಂದೆ. ರಾಣಿಯ ಕಥೆಯನ್ನು ಕೋಳಿಗಳ ಮುಂದೆ ಎರಡು ಸಲ ಅಭ್ಯಾಸ ಮಾಡಿದೆ. ಚರ್ಚಿನ ಗಂಟೆ ನಿಂತಿತು. ಬಾಗಿಲಲ್ಲಿ ಪಾದ್ರಿ ಕಾಣಿಸಿಕೊಂಡರು. ಅವರ ಹಿಂದೆ ಊರು.

"ಮರಿಕ್ಕೂ, ನೂರು ಕಾಲ ಬಾಳಮ್ಮಾ!" ಎನ್ನುತ್ತ ಪಾದ್ರಿ ಬಂದು ಬಸ್ಸಿನವರಿಗೆಂದು ಇಟ್ಟಿದ್ದ ಮೊದಲ ಕುರ್ಚಿಯಲ್ಲೇ ಕೂತರು.

ಆಗ ನನಗೆ ಹೊಳೆಯಿತು. ಮರಿಯಮ್ಮನ ಹಬ್ಬವೆಂದರೆ ಮರಿಯ ಎಂಬ ಹೆಸರಿನವರೆಲ್ಲರ ಹೆಸರಿನ ಹಬ್ಬ. ದೇವರ ತಾಯಿಯನ್ನು ನಾನು ನೆನಪಿಟ್ಟಿದ್ದೆ. ಮುದ್ದಿಗೆ ಮರಿಕ್ಕು ಎನಿಸಿಕೊಂಡ ಅದೇ ಹೆಸರಿನವಳೊಬ್ಬಳು ನನ್ನ ಮನೆಯಲ್ಲೇ ಇದ್ದಾಳೆಂಬುದನ್ನು ಮರೆತಿದ್ದೆ! ಇಷ್ಟು ವರ್ಷ ಇದೆಲ್ಲ ಅತ್ತೆಯ ಮನೆಯಲ್ಲಿ ನಡೆಯುತ್ತಿತ್ತು, ನಾನು ಹೋಗಿ ತಿಂದು ಬರುತ್ತಿದ್ದೆ. ಮಂಡಿ ನೋವೆಂದು ಅವರು ನಮ್ಮ ಮನೆಗೆ ಬಂದಿರುವುದು ಈ ವರ್ಷವೇ. ಅವರ ಹಿಂದೆ ಹಬ್ಬವೂ ಬಂದಿತ್ತು. ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಜನ ಬರುತ್ತಾರೆ, ಹಬ್ಬದ ಮನೆಯವರು ಉಣಿಸುತ್ತಾರೆ. ಅದೂ ಎಂಥ ಜನ! ಹಬ್ಬದ ಉಪವಾಸವೆಂದು ಎರಡು ವಾರದಿಂದ ಮಾಂಸ, ಚೀಸು ಮುಟ್ಟದವರು.

ಮರಿಕ್ಕು ಬಿಳಿ ಬಟ್ಟೆ ಹಾಸಿದ ಮೇಜುಗಳನ್ನು ನೋಡುತ್ತ ಅಂಗಳದ ನಡುವೆ ನಿಂತಿದ್ದಳು. "ಇಷ್ಟೊಂದಾ?" ಎಂದಳು ಮೆಲ್ಲಗೆ. "ನಾನು ಹತ್ತು ಜನಕ್ಕೆ ಮಾಡಿರ್ತೀಯ ಅಂದ್ಕೊಂಡಿದ್ದೆ ಕಣೋ."

ಅವಳು ಹಾಗೆ ನನ್ನನ್ನು ನೋಡಿ ಬಹಳ ಕಾಲವಾಗಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಕೆಂಪು ಮೂಗಿನವರು, ಹುಲ್ಲಿನ ಟೋಪಿಯವರು, ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡವರು ಇಳಿದು ಬಂದು ಬಾಗಿಲಲ್ಲಿ ನಿಂತರು. ಒಳಗೆ ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಪ್ಲೂತಿಸ್ ನನ್ನನ್ನು ದುರುಗುಟ್ಟಿದ.

"ಯಾರು ಇವರೆಲ್ಲಾ?" ಎಂದಳು ಮರಿಕ್ಕು.

"ನಿನ್ನ ಹಬ್ಬಕ್ಕೆ ಬಂದವರು."

"ನನಗೆ ಇವರ್ಯಾರೂ ಗೊತ್ತಿಲ್ವಲ್ಲ ಮಾರಾಯ."

"ಹೆಸರು ದೂರದವರೆಗೂ ಹೋಗಿದೆ ನಿಂದು."

ಅವಳು ನನ್ನನ್ನು ಒಂದು ಕ್ಷಣ ಜಾಸ್ತಿಯೇ ನೋಡಿದಳು. ಆದರೆ ಊಟದ ಹೊತ್ತಿಗೆ ಬಾಗಿಲಲ್ಲಿ ಯಾರೇ ನಿಂತರೂ ನಮ್ಮ ನಾಲಿಗೆಯಿಂದ ಹೊರಡುವ ಮಾತು ಒಂದೇ. "ಬನ್ನಿ, ಕೂತ್ಕೊಳ್ಳಿ, ನಮ್ಮ ಜೊತೆ ಊಟ ಮಾಡಿ" ಎಂದು ಕೈ ಚಾಚಿ ಕರೆದಳು. ಮುಗಿಯಿತು. ಆ ಮಾತಿನೊಂದಿಗೆ ಬಸ್ಸಿನ ಗಿರಾಕಿಗಳೆಲ್ಲ ನಮ್ಮ ಮನೆಯ ನೆಂಟರಾದರು. ನೆಂಟರಿಂದ ದುಡ್ಡು ಪಡೆದವನು ಈ ಬೆಟ್ಟದಲ್ಲಿ ಇನ್ನೂ ಹುಟ್ಟಿಲ್ಲ.

ಕೂರಿಸುವುದೆಲ್ಲಿ, ಬಡಿಸುವುದೇನು? ಅತ್ತೆ ಕೋಲು ಹಿಡಿದು ಎದ್ದರು. "ಅಳಿಯಾ, ಬಾಯಿ ಮುಚ್ಚಿ ಒಲೆ ಬಾಯಿ ತೆಗಿ" ಎಂದು ನನ್ನನ್ನು ಅಟ್ಟಿ, ನೆರೆಹೊರೆಯವರ ಕಡೆ ತಿರುಗಿದರು. "ನಿಮ್ಮ ಮನೆ ಒಲೇಲಿ ಇರೋದನ್ನ ಯಾರಿಗೆ ಕಾಯಿಸಿಟ್ಟಿದೀರಿ? ತಗೊಂಡು ಬನ್ನಿ. ಬರ್ತಾ ಕುರ್ಚಿನೂ ತನ್ನಿ." ಅಂದು ಊರಿನ ಎಲ್ಲ ಒಲೆಯಲ್ಲೂ ಮಡಕೆಯಿತ್ತು. ಒಂದರ ಹಿಂದೊಂದು ಮಡಕೆ, ಬುಟ್ಟಿಗಟ್ಟಲೆ ರೊಟ್ಟಿ, ಕಲ್ಲಂಗಡಿ, ಮರದ ಬೆಂಚು, ಕೊನೆಗೆ ಯಾರದೋ ಮನೆಯ ಬಾಗಿಲೇ ಮೇಜಾಗಿ ಬಂತು.

ನಾನು ಒಲೆಯ ಮಣ್ಣು ಒಡೆದೆ. ಆ ಘಮ ಏಳುತ್ತಿದ್ದ ಹಾಗೆ ಅಂಗಳ ನಿಶ್ಶಬ್ದವಾಯಿತು. ಎರಡು ವಾರ ಬೇಳೆ ಬೇಯಿಸಿ ತಿಂದಿದ್ದ ಪಾದ್ರಿ ಕಣ್ಣು ಮುಚ್ಚಿಕೊಂಡರು. ಅದು ಪ್ರಾರ್ಥನೆಯೇನಲ್ಲ. ಮೂಳೆ ಹಿಡಿದೆತ್ತಿದರೆ ಮಾಂಸ ತಟ್ಟೆಯಲ್ಲೇ ಉಳಿಯುತ್ತಿತ್ತು. ಸ್ವತಃ ಮರಿಕ್ಕು ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಒಂಚೂರು ಕಮ್ಮಿ" ಎಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ.

ಈ ಭರದಲ್ಲಿ ನಾನು ಕಲ್ಲಿನ ಪಕ್ಕ ನಿಂತು, ಎದೆಯ ಮೇಲೆ ಕೈಯಿಟ್ಟು, ಪ್ಲೂತಿಸ್ ಅನುವಾದಿಸುತ್ತಿರಲು, ಕಥೆ ಶುರು ಮಾಡಿದೆ. ರೀಗೆನಾ ರಾಣಿ ಹಸಿದು ಬಂದಳು, ಇದೇ ಕಲ್ಲಿನ ಮೇಲೆ ಉಂಡಳು, ತೃಪ್ತಳಾಗಿ ಊರನ್ನು ಹರಸಿದಳು. ಚಪ್ಪಾಳೆ ಬಿತ್ತು. ಗೆದ್ದೆ ಅಂದುಕೊಂಡೆ. ಪ್ಲೂತಿಸ್‌ಗೂ ಹಾಗೇ ಅನ್ನಿಸಿರಬೇಕು. ಪುಣ್ಯಾತ್ಮ ಸೀದಾ ಜೇಬಿನಿಂದ ದಪ್ಪ ಲಕೋಟೆ ತೆಗೆದು, ಊರಿಗೆ ಊರೇ ನೋಡುತ್ತಿರುವಾಗ, ನನ್ನ ಕೈಗಿಟ್ಟ. "ತಗೋ ತೊಫಿ, ಇವತ್ತಿನ ಊಟದ್ದು."

ಅಂಗಳ ಎರಡನೆಯ ಸಲ ನಿಶ್ಶಬ್ದವಾಯಿತು. ಈ ಸಲದ್ದು ಘಮದ ನಿಶ್ಶಬ್ದವಲ್ಲ.

"ಊಟದ್ದು ಅಂದ್ರೆ?" ಎಂದರು ಅತ್ತೆ.

ನಾನು ಮರಿಕ್ಕುವಿನ ಕಡೆ ನೋಡಿದೆ. ಮೇಜು, ಬಟ್ಟೆ, ಬಸ್ಸು, ಎರಡು ವಾರದ ಗುಟ್ಟು, ಎಲ್ಲವೂ ಅವಳ ಮುಖದಲ್ಲಿ ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕೂರುವುದು ಕಾಣಿಸಿತು. 

ಅತ್ತೆ ಕೋಲೂರಿಕೊಂಡು ಕಲ್ಲಿನ ಬಳಿಗೆ ಬಂದರು. "ಪ್ಲೂತಿಸ್, ಅವನು ಹೇಳಿದ್ದು ಅರ್ಧ ಕಥೆ. ಮಿಕ್ಕಿದ್ದು ನಾನು ಹೇಳ್ತೀನಿ, ಇವರಿಗೆ ತಿಳಿಸು. ರಾಣಿ ಬಂದಾಗ ಈ ಮನೇಲಿ ಒಬ್ಬ ವ್ಯಾಪಾರಿ ಇದ್ದ. ಅವನ ಹೆಂಡತಿ ಬನ್ನಿ ಕೂತ್ಕೊಳ್ಳಿ ಅಂದ್ಲು. ರಾಣಿ ಉಂಡು ಏಳೋ ಹೊತ್ತಿಗೆ ಆ ಪಾಪಿ ಕೈ ಚಾಚಿದ, ಊಟದ್ದು ಕೊಡಮ್ಮಾ ಅಂತ. ರಾಣಿ ಒಂದು ಸಲ ಅವನನ್ನ ನೋಡಿದ್ಲು. ಅವನ ಮೇಜು ಇದೇ ಥರ ಕಲ್ಲಾಗೋಯ್ತು. ಅವನೇ ಕಲ್ಲಾಗಬೇಕಿತ್ತು. ಹೆಂಡತಿ ಮುಖ ನೋಡಿ ಬಿಟ್ಲು."

ಪ್ಲೂತಿಸ್ ಅನುವಾದಿಸಿದ. ಪ್ರವಾಸಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕಥೆಗೆ ಕೂತೇ ತಟ್ಟಿದ್ದರು.

ಆಗ ಮರಿಕ್ಕು ನಿಧಾನವಾಗಿ ಬಂದು ನನ್ನ ಕೈಯಿಂದ ಲಕೋಟೆ ತೆಗೆದುಕೊಂಡಳು. ಊರಿಗೆಲ್ಲ ಕೇಳುವಂತೆ, "ನನ್ನ ಹಬ್ಬಕ್ಕೆ ಉಡುಗೊರೆ ತಂದಿದಾರೆ. ಅಷ್ಟು ದೂರದಿಂದ ಬಂದು, ಎಷ್ಟು ಒಳ್ಳೆ ಜನ" ಎಂದಳು. ಹೆಸರಿನ ಹಬ್ಬದವಳಿಗೆ ಉಡುಗೊರೆ ಕೊಡುವುದು ನಡೆದುಬಂದದ್ದೇ, ಯಾರೂ ಏನೂ ಅನ್ನುವಂತಿರಲಿಲ್ಲ. ಅಂಗಳ ಉಸಿರು ಬಿಟ್ಟಿತು. ಪಾದ್ರಿ ಇನ್ನೊಂದು ತುಂಡು ಹಾಕಿಸಿಕೊಂಡರು. ಮೂಲೆಯಲ್ಲಿ ಯಾರೋ ಪಿಟೀಲು ಶ್ರುತಿ ಮಾಡಿದರು. ಹುಲ್ಲಿನ ಟೋಪಿಯ ಹೆಂಗಸೊಬ್ಬಳು ಅತ್ತೆಯ ಕೈ ಹಿಡಿದು ಕುಣಿಯಲು ಎಳೆದಳು, ನೋಯುವ ಮಂಡಿ ಒಪ್ಪಿಕೊಂಡಿತು. ಬಿಸಿಲು ಇಳಿದರೂ ಬಸ್ಸಿಗೆ ಹತ್ತಲು ಒಬ್ಬರೂ ತಯಾರಿರಲಿಲ್ಲ. ನಮ್ಮೂರಿನಲ್ಲಿ ಅಂಥ ಹೆಸರಿನ ಹಬ್ಬ ಯಾರಿಗೂ ಆಗಿರಲಿಲ್ಲ. ಮೇಲೂರಿನವರು ಬೆಟ್ಟದ ಅಂಚಿಗೆ ಬಂದು ಕೆಳಗೆ ಇಣುಕಿದರೆಂದು ಆಮೇಲೆ ಕೇಳಿದೆ. ಆ ಒಂದು ಮಾತಿಗಾಗಿ ಇನ್ನೂ ಎರಡು ಕುರಿ ಕೊಟ್ಟೇನು.

ಹೊರಡುವ ಮುನ್ನ ಪ್ಲೂತಿಸ್ ಬಂದ. "ಗುರುವಾರಗಳೆಲ್ಲಾ ಇಲ್ಲೇ" ಎಂದ. ನಾನು ಕೈ ಚಾಚಿದೆ. ಅವನು ನನ್ನನ್ನು ದಾಟಿ ಹೋಗಿ ಮರಿಕ್ಕುವಿನ ಕೈ ಕುಲುಕಿದ.

ಎಲ್ಲರೂ ಹೋದ ಮೇಲೆ ತಟ್ಟೆಗಳ ಗುಡ್ಡದ ಎದುರು ನಾವಿಬ್ಬರೇ ಉಳಿದೆವು.

"ಒಂದೇ ಮಾತು ಕೇಳ್ತೀನಿ" ಎಂದಳು. "ನನ್ನ ಹೆಸರಿನ ಹಬ್ಬ ನೆನಪಿತ್ತಾ ನಿಂಗೆ?"

ನಾನು ಯೋಚಿಸಿದೆ.

"ನೆನಪಿತ್ತು ಅನ್ನೋಕೆ ಇಷ್ಟು ಹೊತ್ತು ಬೇಡ. ಮರ್ತಿದ್ದೆ ಅನ್ನೋಕೂ ಬೇಡ."

"ಮರ್ತಿದ್ದೆ" ಎಂದೆ.

ಅವಳು ತಲೆಯಾಡಿಸಿದಳು. "ಎರಡು ವಾರ ನಾನು ಊರಿಗೆಲ್ಲಾ ಹೇಳ್ಕೊಂಡು ತಿರುಗಿದೀನಿ, ನನ್ನ ಗಂಡ ಅಡುಗೆ ಮಾಡಿ ಬಡಿಸ್ತಾನೆ ಅಂತ. ಅದನ್ನ ಸುಳ್ಳು ಮಾಡೋಕೆ ನಂಗಿಷ್ಟ ಇಲ್ಲ. ಗುರುವಾರಗಳಲ್ಲಿ ಒಲೆ ನಿಂದು, ಬಡಿಸೋದು ನಿಂದು, ತಟ್ಟೆ ನಿಂದು. ಲಕೋಟೆ ನಂದು."

ವ್ಯಾಪಾರಿಯಾಗಿ ಹೇಳುತ್ತೇನೆ, ಅದು ನ್ಯಾಯವಾದ ಬೆಲೆ. ಚೌಕಾಸಿ ಮಾಡಲಿಲ್ಲ.

ಮುಂದಿನ ಗುರುವಾರ ಬಸ್ಸು ತುಂಬಿ ಬಂತು. ಮರಿಕ್ಕು ನೀಲಿ ಉಡುಪಿನಲ್ಲಿ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆದು ಕೂರಿಸಿದಳು. ನಾನು ಎರಡು ಕೈಯಲ್ಲೂ ತಟ್ಟೆ ಹೊತ್ತು ಅಡುಗೆಮನೆಯಿಂದ ಹೊರಬಂದಾಗ ಪ್ಲೂತಿಸ್ ಕಲ್ಲಿನ ಬಳಿ ನಿಂತು ಅತ್ತೆಯ ಕಥೆ ಹೇಳುತ್ತಿದ್ದ. ಅದಕ್ಕೊಂದು ಹೊಸ ಬಾಲವೂ ಸೇರಿತ್ತು.

"...ರಾಣಿ ಅವನನ್ನ ಕಲ್ಲು ಮಾಡ್ಲಿಲ್ಲ, ಶಾಪ ಕೊಟ್ಲು. ಈ ಕಲ್ಲು ಕರಗೋವರೆಗೂ ದಾರೀಲಿ ಹೋಗೋರಿಗೆಲ್ಲಾ ನೀನೇ ಬಡಿಸ್ತಾ ಇರು, ಒಂದು ಕಾಸೂ ನಿನ್ನ ಕೈ ಸೇರಬಾರದು ಅಂತ. ತುಂಬಾ ಹಳೇ ಕಥೆ. ಆದ್ರೆ ಅವನು ಇನ್ನೂ ಇಲ್ಲೇ ಇದಾನೆ ಅಂತಾರೆ. ಅಕೋ, ಬಂದ ನೋಡಿ."

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಕ್ಯಾಮೆರಾಗಳು ಮೇಲೆದ್ದವು. ಮುಂದಿನ ಸಾಲಿನ ಮುದುಕಿಯೊಬ್ಬಳು ನನ್ನ ತೋಳನ್ನು ಮೆಲ್ಲಗೆ ಮುಟ್ಟಿ ನೋಡಿ, ಪ್ಲೂತಿಸ್‌ನ ಮೂಲಕ ಕೇಳಿದಳು, ಇದೆಲ್ಲ ನಿಜವೇ ಎಂದು.

ನಾನು ಬಾಗಿಲ ಕಡೆ ನೋಡಿದೆ. ಮರಿಕ್ಕು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಹೊರಗೆ ರಸ್ತೆಯಲ್ಲಿ ಇನ್ನೊಂದು ಬಸ್ಸು ನಿಲ್ಲುವ ಸದ್ದಾಯಿತು.

"ಹೌದು ತಾಯೀ, ಎಲ್ಲಾ ನಿಜ" ಎಂದೆ. "ಶಾಪ ಬಿದ್ದು ಸಾವಿರ ವರ್ಷ ಆಯ್ತು. ಸ್ವಲ್ಪ ಕೈ ತೆಗೀರಿ, ತಟ್ಟೆ ಬಿಸಿ ಇದೆ."